ಕಾರಿನಿಂದ ಇಳಿಯದೆ

ಕಾರಿನ ಕನ್ನಡಿಯ ಮೇಲಿನ ದೀಪದ ಮುಚ್ಚಳ ಕೊನೆಗೂ ಟಕ್ಕೆಂದು ಬಿಚ್ಚಿಕೊಂಡಿತು. ಸುನಿತಾ ಅದನ್ನು ಮಡಿಲಿಗೆ ಇಳಿಸಿಕೊಂಡು, ಒಳಗಿನ ವೈರುಗಳನ್ನು ಬೆರಳಿನಿಂದ ಬಿಡಿಸತೊಡಗಿದಳು. ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿ ಅಂಗಾತ ಒರಗಿದ್ದರಿಂದ ಕುತ್ತಿಗೆ ಹಿಡಿದುಕೊಂಡಿತ್ತು. ಅವಳ ಗಂಡ ಮಾಲತೇಶ್ ಕಾರಿನ ಬಾಗಿಲಿಗೆ ಆತು ನಿಂತು ಮೊಬೈಲಿನ ಟಾರ್ಚ್ ಹಿಡಿದಿದ್ದ.

"ಕರೆಂಟಿನ ಗಾಡಿ ಮಾರಾಯ್ತಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಶೋರೂಮಿನೋರು ಹಾಕಲ್ಲ ಅಂದ್ರಲ್ರೀ. ದೊಡ್ಡ ಬ್ಯಾಟರಿ ತಂಟೆಗೆ ನಾನು ಹೋಗ್ತಿಲ್ಲ. ದೀಪಕ್ಕೆ ಬರೋದು ಸಣ್ಣ ಬ್ಯಾಟರಿಯಿಂದ, ಹನ್ನೆರಡು ವೋಲ್ಟು ಅಷ್ಟೆ. ಅದರ ನೆಗೆಟಿವ್ ಬಿಚ್ಚಿಟ್ಟೇ ಕೂತಿದೀನಿ."

ಅವಳು ಸೊರಬದ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಳು. ಆನ್‌ಲೈನಿನಲ್ಲಿ ತರಿಸಿದ ರಿಮೋಟ್ ಮಾಡ್ಯೂಲು ಬೆಂಕಿಪೊಟ್ಟಣದಷ್ಟಿತ್ತು. ಅದನ್ನು ದೀಪದ ಹಿಂದೆ ಕೂರಿಸಿ, ನಡುವೆ ಒಂದು ಫ್ಯೂಸು ಹಾಕಿ, ಗುಂಡಿಯನ್ನು ಕನ್ನಡಿಯ ಪಕ್ಕಕ್ಕೆ ಅಂಟಿಸಿದರೆ ಮುಗಿಯಿತು. ಕಾರಿನಲ್ಲಿ ಕೂತೇ ಶೆಡ್ಡಿನ ಶಟರ್ ಎತ್ತಬಹುದು, ಇಳಿಸಬಹುದು. ಶಟರಿಗೆ ಮೋಟಾರು ಮೊದಲೇ ಹಾಕಿಸಿಯಾಗಿತ್ತು. ಆದರೆ ಅದರ ರಿಮೋಟನ್ನು ಒಮ್ಮೆ ಸ್ಟಾಫ್ ರೂಮಿನಲ್ಲೇ ಮರೆತು ಬಂದು, ಅತ್ತೆ ಹುಲಿಯಮ್ಮ ಹಾರ್ನ್ ಕೇಳಿ ಹೊರಬರುವವರೆಗೂ ಬಾಗಿಲು ಲಾಕ್ ಮಾಡಿಕೊಂಡು ಬೀದಿಯಲ್ಲಿ ಕೂತಿದ್ದಳು. ಆವತ್ತೇ ಇದನ್ನು ತರಿಸಿದ್ದು.

ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದಾಗ ಶಟರ್ ಗರಗರ ಎಂದು ಮೇಲೇರಿತು. ಬೀದಿಯ ಬಿಸಿಲು ಒಳಗೆ ನುಗ್ಗಿತು. ಮಾಲತೇಶ್ ಮಗುವಿನ ಹಾಗೆ ನಕ್ಕ.

"ಭಲೇ! ಇನ್ನು ನೀನು ಆ ಬೀದೀಲಿ ಕಾಲಿಡೋದೇ ಬೇಡ."

ಸುನಿತಾ ಗುಂಡಿ ಒತ್ತಿ ಶಟರ್ ಇಳಿಸಿದಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಆಗಿನ್ನೂ ಮೋಟಾರಿಲ್ಲದ ಶಟರ್ ಎತ್ತಲೆಂದು ಕಾರಿನಿಂದ ಇಳಿದಾಗ ಹಿಂದಿನಿಂದ ಕಪ್ಪು ಬೈಕೊಂದು ಬಂದಿತ್ತು. ಹಿಂದೆ ಕೂತವನು ಅವಳ ಕತ್ತಿಗೆ ಕೈಹಾಕಿ ತಾಳಿಸರ ಕಿತ್ತುಕೊಂಡ. ಎದುರುಮನೆಯ ಲೋಕಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಿದ್ದವಳು ಬುಟ್ಟಿ ಎಸೆದು, "ಹಿಡೀರ್ರೋ, ಹಿಡೀರ್ರೋ" ಎಂದು ಕೂಗುತ್ತ ಬೈಕಿನ ಹಿಂದೆ ಓಡಿದಳು. ತಿರುವಿನ ಜಲ್ಲಿಯ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಅಂದಿನಿಂದ ಸುನಿತಾ ಬೀದಿಗೆ ಇಳಿಯುತ್ತಿಲ್ಲ, ಹೆದರಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳಿಗೆ ಹೆದರಿಕೆ ಇದ್ದದ್ದು ನಿಜ. ಅದು ಕಳ್ಳರದಾಗಿರಲಿಲ್ಲ.

ಮಾಲತೇಶನದು ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ದೂರು ಕೊಡುವಾಗ ಅವನು ಲೋಕಮ್ಮನ ತಮ್ಮ, ತಾಳಗುಂದದ ಪರಮಶಿವಪ್ಪನ ಹೆಸರು ಹೇಳಿದ್ದ. ತೂಕದ ವಿಷಯಕ್ಕೆ ಪರಮಶಿವಪ್ಪ ಮಂಡಿಯಲ್ಲಿ ಜಗಳವಾಡಿ ಹೋಗಿದ್ದ. ಅವನದೂ ಕಪ್ಪು ಬೈಕು. ಅಕ್ಕನ ಮನೆಗೆ ಬರುತ್ತ ಹೋಗುತ್ತ ಸುನಿತಾ ಬರುವ ಹೊತ್ತು ಅವನಿಗೆ ಗೊತ್ತು. ಮರುದಿನ ಠಾಣೆಯಲ್ಲಿ ಅವನು ಗೋಡೆಗೆ ತಾಗಿ ಕೈಕಟ್ಟಿ ನಿಂತಿದ್ದ. ಹೊಲದಿಂದ ಹಾಗೇ ಬಂದಿದ್ದನೇನೋ, ಪ್ಯಾಂಟಿನ ತುದಿಗೆಲ್ಲ ಮುಳ್ಳುಕಾಯಿ ಅಂಟಿತ್ತು.

"ಇವನೇನಮ್ಮ, ಸರ ಕಿತ್ತವನು?" ಎಂದರು ಸಾಹೇಬರು.

ಕಿತ್ತುಕೊಂಡವನ ಹೆಲ್ಮೆಟಿನ ಗಾಜು ಮೇಲಕ್ಕೆ ಸರಿದಿತ್ತು. ಅವಳು ಮುಖ ನೋಡಿದ್ದಳು. ಇನ್ನೂ ಮೀಸೆ ಬಲಿಯದ ಮುಖ. ಅವಳ ತರಗತಿಯ ಹಿಂದಿನ ಬೆಂಚಿನ ಯಾವನೋ ಹುಡುಗನ ಮುಖದಂತಿತ್ತು. ಪರಮಶಿವಪ್ಪನ ಕಿವಿಯ ಪಕ್ಕದ ಕೂದಲು ನರೆತಿತ್ತು. ಮಾಲತೇಶ್ ಅವಳ ಭುಜದ ಹತ್ತಿರವೇ ನಿಂತು ಉಸಿರಾಡುತ್ತಿದ್ದ. ಅಷ್ಟು ಜನರ ಎದುರು ಗಂಡನ ಮಾತು ಸುಳ್ಳು ಮಾಡುವುದು ಹೇಗೆಂದು ತಿಳಿಯಲಿಲ್ಲ.

"ಸರಿಯಾಗಿ ನೋಡ್ಲಿಲ್ಲ ಸರ್" ಎಂದು ತಲೆ ತಗ್ಗಿಸಿದಳು.

ಪರಮಶಿವಪ್ಪನನ್ನು ಎರಡು ದಿನ ಕೂರಿಸಿಕೊಂಡು, ಏನೂ ಸಿಗದೆ ಕಳಿಸಿದರು.

ಈಗ ದಿನವೂ ಸಂಜೆ ಸೊರಬದಿಂದ ಬಂದು ಬೀದಿಯ ತಿರುವಿನಲ್ಲೇ ಗುಂಡಿ ಒತ್ತುತ್ತಿದ್ದಳು. ಅವಳು ತಲುಪುವಷ್ಟರಲ್ಲಿ ಶಟರ್ ಎದ್ದಿರುತ್ತಿತ್ತು. ಲೋಕಮ್ಮ ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ದಾರವನ್ನು ಕಾಲ್ಬೆರಳಿಗೆ ಬಿಗಿದು ಒಂದೇ ಕೈಯಲ್ಲಿ ಸೇವಂತಿಗೆ ಕಟ್ಟುತ್ತಿರುತ್ತಿದ್ದಳು. ಒಮ್ಮೆ ಅವಳು ಎದ್ದು ರಸ್ತೆ ದಾಟತೊಡಗಿದಳು. ಸುನಿತಾ ಸರಕ್ಕನೆ ಒಳಗೆ ಹೋಗಿ ಗುಂಡಿ ಒತ್ತಿದಳು. ಕನ್ನಡಿಯಲ್ಲಿ ಲೋಕಮ್ಮನ ಮುಖ ಮುಚ್ಚಿತು, ಸೀರೆಯ ನಿರಿಗೆ ಮುಚ್ಚಿತು, ಆಮೇಲೆ ಹವಾಯಿ ಚಪ್ಪಲಿ.

"ಮೇಡಮ್ಮಾರೇ, ಒಂದು ಮಾತಿತ್ತು" ಎಂದಿತು ತಗಡಿನ ಆಚೆಯ ದನಿ.

ಕಾರು ಸದ್ದು ಮಾಡುತ್ತಿರಲಿಲ್ಲ. ಸುನಿತಾಳೂ ಮಾಡಲಿಲ್ಲ. ಚಪ್ಪಲಿಯ ಸಪ್ಪಳ ದೂರವಾಗುವವರೆಗೆ ಕತ್ತಲಲ್ಲಿ ಸ್ಟೀರಿಂಗ್ ಹಿಡಿದೇ ಕೂತಿದ್ದಳು.

ರಾತ್ರಿ ಊಟಕ್ಕೆ ಬಡಿಸುತ್ತ ಹುಲಿಯಮ್ಮ ಹೇಳಿದಳು. "ಲೋಕಿ ಬಂದಿದ್ಲು. ಅವಳ ತಮ್ಮನ ಮಗಳಿಗೆ ಹಿರೇಕೆರೂರ ಕಡೆಯಿಂದ ಗಂಡು ಗೊತ್ತಾಗಿತ್ತಂತ. ಅಪ್ಪನ್ನ ಪೊಲೀಸ್ನೋರು ಒಯ್ದಿದ್ರು ಅಂತ ಯಾರೋ ಹೇಳಿ, ಅವ್ರು ಬ್ಯಾಡ ಅಂದ್ರಂತ. ನಿಮ್ಮ ಸೊಸಿ ಖರೇನ ಮುಖ ನೋಡಿಲ್ಲೇನು ಅಂತ ಕೇಳಿದ್ಲು."

"ನೀವೇನಂದ್ರಿ ಅತ್ತೆ?"

"ನೋಡಿದ್ರ ನನ್ನ ಸೊಸಿ ಸುಮ್ನ ಇರ್ತಿದ್ಲೇನು ಅಂದೆ."

ಸುನಿತಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಮಾಲತೇಶ್ ಟಿವಿ ನೋಡುತ್ತ ಮಜ್ಜಿಗೆ ಕೇಳಿದ.

ಮರುದಿನ ಸಂಜೆ ತಿರುವಿನಲ್ಲಿ ಗುಂಡಿ ಒತ್ತಿದಳು. ಶಟರ್ ಎದ್ದು ನಿಂತಿತು. ಅವಳು ಒಳಗೆ ಹೋಗಲಿಲ್ಲ. ಕಾರನ್ನು ಬೀದಿಯ ನಡುವೆ ಹಾಗೇ ಬಿಟ್ಟು ಇಳಿದು, ಲೋಕಮ್ಮನ ಜಗಲಿಯ ಮುಂದೆ ನಿಂತಳು.

"ಲೋಕಕ್ಕಾ, ನಾನು ಮುಖ ನೋಡಿದ್ದೆ. ನಿಮ್ಮ ತಮ್ಮ ಅಲ್ಲ. ಅವತ್ತೇ ಗೊತ್ತಿತ್ತು."

ಲೋಕಮ್ಮನ ಕೈ ನಿಂತಿತು. ಅವಳು ಸುನಿತಾಳ ಕಾಲುಗಳನ್ನೇ ನೋಡಿದಳು. ಆಮೇಲೆ ಕಾಲ್ಬೆರಳಿನಿಂದ ದಾರ ಬಿಚ್ಚಿದಳು.

"ನಾ ನಿಮ್ಮ ಸರದ ಹಿಂದ ಓಡಿದೆ" ಎಂದಳು. ಬೈಯುವ ದನಿಯಲ್ಲ, ಯಾವುದೋ ದೂರದ ಸಂಗತಿ ಹೇಳುವಂತಿತ್ತು. "ನಂಗ್ಯಾಕ ಹೇಳ್ತೀರಿ ಇದನ್ನ? ಅವ್ನಿಗೆ ಹೇಳ್ರಿ. ಪ್ಯಾಟಿಗೆ ಬರೋದ ಬಿಟ್ಟಾನ ಅವ್ನು."

"ಈಗ್ಲೇ ಹೋಗೋಣ. ಬರ್ತೀರಾ?"

ಲೋಕಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಬನ್ನಿ ಎಂದರೂ ಬರಲಿಲ್ಲ.

ಸುನಿತಾ ಹೊರಡುವ ಮೊದಲು ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅವನು ಮೊದಲು ನಂಬಲಿಲ್ಲ. ನಂತರ ದನಿ ತಗ್ಗಿಸಿದ. "ಬಿಟ್ಟು ಕಳಿಸಿದಾರಲ್ಲ ಸುನಿ. ಈಗ್ಯಾಕೆ ಕೆದಕ್ತೀಯಾ? ಯಾರ್ಡಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನಾಳೆ ಠಾಣೆಗೂ ಹೋಗ್ತೀನಿ ರೀ. ನೀವು ಬಂದ್ರೆ ಒಳ್ಳೇದು."

ಅವನು ಫೋನ್ ಇಟ್ಟ.

ಕಾರು ಶಿರಾಳಕೊಪ್ಪ ದಾಟಿತು. ಕಾಲೇಜಿಗೆ ಹೋಗುವಾಗ ಬರುವಾಗ ತಾಳಗುಂದದ ತಿರುವನ್ನು ಅವಳು ದಿನವೂ ದಾಟುತ್ತಿದ್ದಳು. ಈಚೆಗೆ ಅಲ್ಲಿ ಬೇರೆ ಕಡೆ ನೋಡುತ್ತಿದ್ದಳು. ಊರಿನ ಹೊರಗೆ ಟಾರು ರಸ್ತೆಯ ಮುಕ್ಕಾಲು ಭಾಗಕ್ಕೆ ಮೆಕ್ಕೆಜೋಳ ಹರವಿತ್ತು. ಕಾರು ಮುಂದೆ ಹೋಗುವಂತಿರಲಿಲ್ಲ.

"ಅಲ್ಲೇ ಅದಾನ. ನೀವೇ ಹೋಗ್ರಿ" ಎಂದಳು ಲೋಕಮ್ಮ.

ಸುನಿತಾ ಚಪ್ಪಲಿ ಕಳಚಿ ಕಾಳಿನ ಅಂಚಿನಲ್ಲಿ ನಡೆದಳು. ಪರಮಶಿವಪ್ಪ ಇಬ್ಬನಿ ಬೀಳುವ ಮುಂಚೆ ಕಾಳು ಒಟ್ಟುವ ಆತುರದಲ್ಲಿದ್ದ. ಹಲಗೆಯಿಂದ ಬಾಚಿ ರಾಶಿ ಮಾಡುತ್ತ, ತಲೆ ಎತ್ತದೆಯೇ, "ತಡೀರಿ, ಗಾಡಿಗೆ ದಾರಿ ಮಾಡಿಕೊಡ್ತೀನಿ" ಎಂದ. ನಂತರ ನೋಡಿದ. ಕೈಯಲ್ಲಿನ ಹಲಗೆ ನಿಂತಿತು.

ಅವಳು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಯಾವುದೂ ನೆನಪಾಗದೆ, ಲೋಕಮ್ಮನಿಗೆ ಹೇಳಿದಷ್ಟನ್ನೇ ಹೇಳಿದಳು. ನಾಳೆ ಠಾಣೆಯಲ್ಲಿ ಬರೆದುಕೊಡುತ್ತೇನೆ, ಹಿರೇಕೆರೂರಿನವರ ಮನೆಗೂ ಬಂದು ಹೇಳುತ್ತೇನೆ ಎಂದಳು.

"ನಂಗ ಅವಾಗ್ಲೇ ಗೊತ್ತಾಗಿತ್ತು" ಎಂದ ಪರಮಶಿವಪ್ಪ. "ನನ್ನ ಮುಖ ನೋಡಿ ತಲಿ ತಗ್ಗಿಸಿದ್ರಲ್ಲ, ಅವಾಗ್ಲೇ. ಖರೇನ ನೋಡದೋರು ಇನ್ನೊಂದ್ಸಲ ದಿಟ್ಟಿಸಿ ನೋಡ್ತಿದ್ರು."

ಅವನು ಹಲಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಹಿರೇಕೆರೂರಿಗೆ ಬರೋದು ಬ್ಯಾಡ" ಎಂದ. "ಮಗಳು ಒಲ್ಲೆ ಅಂದಾಳ ಆ ಮನೀನ. ಠಾಣೆಗೆ ಮಾತ್ರ ಹೋಗ್ರಿ."

ಅವನು ತಿರುಗಿ ಮತ್ತೆ ಬಾಚತೊಡಗಿದ. ರಾಶಿ ಒಂದು ಹದಕ್ಕೆ ಬಂದಾಗ ರಸ್ತೆಬದಿಯಿಂದ ತಾಡಪಾಲು ಎಳೆದು ತಂದು ಒಂದು ಕಡೆಯಿಂದ ಹೊದಿಸಿ, ಅಂಚಿಗೆ ಕಲ್ಲು ಹೇರಿದ. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ತಾಡಪಾಲಿನ ಇನ್ನೊಂದು ತುದಿ ಪಟಪಟ ಬಡಿದುಕೊಳ್ಳುತ್ತ ಅವಳ ಬರಿಗಾಲಿನ ಹತ್ತಿರ ಬಂದು ಬಿತ್ತು. ಅವಳು ಬಗ್ಗಿ ಅದನ್ನು ಎರಡೂ ಕೈಯಿಂದ ಹಿಡಿದಳು.