ಹೊಟ್ಟೆ ಕೆಟ್ಟ ತೊಟ್ಟಿ

ನಮ್ಮ ಬೇಕರಿಯ ಹಿತ್ತಿಲಲ್ಲಿರುವ ಗ್ಯಾಸ್ ತೊಟ್ಟಿಗೆ ನಾನಿಟ್ಟ ಹೆಸರು ಹೊಟ್ಟೆಬಾಕ. ತರಕಾರಿ ಮಾರುಕಟ್ಟೆಯಲ್ಲಿ ಮಾರಿ ಉಳಿದು ಕೊಳೆತದ್ದನ್ನೆಲ್ಲ ಅದು ತಿನ್ನುತ್ತದೆ, ಒಲೆಗೆ ಗ್ಯಾಸ್ ಕೊಡುತ್ತದೆ. ಕೊನೆಗೆ ಹೊರಬರುವ ಗಸಿಯನ್ನು ಸೊಪ್ಪು ಬೆಳೆಯುವವರು ಗೊಬ್ಬರಕ್ಕೆಂದು ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಆ ಸೊಪ್ಪು ಮತ್ತೆ ಅದೇ ಮಾರುಕಟ್ಟೆಗೆ ಬರುತ್ತದೆ. ಒಂದು ಸಭೆಯಲ್ಲಿ ಸಾಹೇಬರೊಬ್ಬರು ಇದಕ್ಕೆ ಜೈವಿಕ ಆರ್ಥಿಕತೆ ಎಂದು ಹೆಸರಿಟ್ಟು ಅರ್ಧ ದಿನ ಮಾತಾಡಿದರು. ನಾನೂ ಚಪ್ಪಾಳೆ ತಟ್ಟಿ ಬಂದೆ. ಮರುದಿನ ಕೊಳೆತ ಎಲೆಕೋಸು ಹೊರಲು ಮಾತ್ರ ಯಾವ ಸಾಹೇಬರೂ ಬರಲಿಲ್ಲ.

ಬೇಕರಿ ನನ್ನಣ್ಣನದು, ತೊಟ್ಟಿಯ ಉಸ್ತುವಾರಿ ನನ್ನದು. ಅದನ್ನು ಕಟ್ಟಿಸಲು ಅವನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಸೌದೆ ಒಲೆ ಅಪ್ಪ ಕಟ್ಟಿದ್ದು, ಅದೆಂದರೆ ಅಣ್ಣನಿಗೆ ಪ್ರಾಣ. ಮೊದಲೆಲ್ಲ ಪಕ್ಕದ ಗುಡ್ಡದಿಂದ ಬರುತ್ತಿದ್ದ ಸೌದೆ ಈಗ ಎಲ್ಲಿಂದಲೋ ಲಾರಿಯಲ್ಲಿ ಬರುತ್ತದೆ. ಗುಡ್ಡ ಬೋಳಾಗಿದೆ, ಬಿಸಿಲು ವರ್ಷ ವರ್ಷಕ್ಕೂ ಜೋರಾಗುತ್ತಿದೆ. ಇದನ್ನೆಲ್ಲ ಹೇಳಿದರೆ ಅಣ್ಣ, "ಅದೆಲ್ಲ ನನ್ನೊಬ್ಬನ ಒಲೆಯಿಂದ ಆಗಿದ್ದಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಬಾಯಿ ಮುಚ್ಚಿಸಿದ್ದು ಅತ್ತಿಗೆಯ ಕೆಮ್ಮು. ಬೆಳಗಾದರೆ ಸೌದೆ ಒಲೆ ಹಚ್ಚಿ, ಊದಿ, ಆ ಹೊಗೆಯಲ್ಲೇ ನಿಂತು ಹಿಟ್ಟು ನಾದುವವರು ಅವರು. ಇನ್ನೂ ಹೀಗೇ ಹೊಗೆ ಕುಡಿದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಣ್ಣ ಆಗ ಒಪ್ಪಿದ, ಆದರೆ ಅರ್ಧ ಮನಸ್ಸಿನಿಂದ. ಮೊದಲು ತಂದ ಸಣ್ಣ ಗ್ಯಾಸ್ ಒಲೆಯಲ್ಲಿ ಬನ್ನು ಬೇಯತೊಡಗಿತು. ಬ್ರೆಡ್ಡಿಗೆಂದು ತಂದ ದೊಡ್ಡ ಗ್ಯಾಸ್ ಒಲೆ ಮಾತ್ರ ಗೋಣಿತಾಟು ಹೊದ್ದುಕೊಂಡು ಓಣಿಯಲ್ಲೇ ನಿಂತಿತ್ತು. ಹಳೆ ಒಲೆಯನ್ನು ಒಡೆದರಷ್ಟೇ ಅದಕ್ಕೆ ಜಾಗ. ಒಡೆಯಲು ಮೇಸ್ತ್ರಿ ಬರುವವರೆಗೆ ಒಂದು ದಿನವೂ ಗ್ಯಾಸ್ ಕೈ ಕೊಡಬಾರದು, ಕೊಟ್ಟರೆ ಹಳೆ ಒಲೆ ಇದ್ದಲ್ಲೇ ಇರುತ್ತದೆ ಎಂಬುದು ಅಣ್ಣನ ಷರತ್ತು.

ಮೇಸ್ತ್ರಿ ಬರುವ ಹಿಂದಿನ ದಿನ ಬೆಳಿಗ್ಗೆಯೇ ಗ್ಯಾಸ್ ಕೈ ಕೊಟ್ಟಿತು.

ತೊಟ್ಟಿಯ ಮೇಲೆ ಬೋರಲು ಹಾಕಿದ ಡ್ರಮ್ಮು ಎಂದಿಗಿಂತ ಎತ್ತರಕ್ಕೆ ಎದ್ದಿತ್ತು, ಅಂದರೆ ಒಳಗೆ ಗ್ಯಾಸ್ ತುಂಬಿದೆ. ಕಡ್ಡಿ ಗೀರಿದರೆ ಮಾತ್ರ ಉರಿ ಹತ್ತುತ್ತಿಲ್ಲ. ಹತ್ತಿದರೂ ಬರ್ನರ್ ಬಿಟ್ಟು ಹಾರಿ ಪುಸ್ಸೆಂದು ಆರುತ್ತಿತ್ತು. ಹಿತ್ತಿಲಿಗೆ ಓಡಿದೆ. ತೊಟ್ಟಿಯ ಬಾಯಿಯ ಬಳಿ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದು ಕೊಳೆತ ತರಕಾರಿಯ ವಾಸನೆಯಲ್ಲ, ಹುದುಗು ಹೆಚ್ಚಾದ ಹಿಟ್ಟಿನ ವಾಸನೆ. ಕೋಲಿನಲ್ಲಿ ಕೆದಕಿದೆ. ನೆಂದು ಊದಿಕೊಂಡ ಬ್ರೆಡ್ಡಿನ ಅಂಚುಗಳು ತೇಲಿ ಬಂದವು.

ಪಿತ್ತ ನೆತ್ತಿಗೇರಿತು. ಒಳಗೆ ಬಂದು, "ತೊಟ್ಟಿಗೆ ಬ್ರೆಡ್ ಹಾಕಿದ್ಯಾರು?" ಎಂದೆ.

ಅಣ್ಣ ಅಂಗಡಿ ಮುಂದೆ ಗಿರಾಕಿಗಳ ಜೊತೆಯಲ್ಲಿದ್ದ. ಅತ್ತಿಗೆ ಕೈಯ ಹಿಟ್ಟು ಒರೆಸಿಕೊಂಡು ಮೆಲ್ಲಗೆ, "ನಾನೇ ಕಣೇ" ಎಂದರು. "ನೀನು ಮಾರ್ಕೆಟ್ಟಿಗೆ ಹೋದಾಗೆಲ್ಲ ಒಂದೊಂದು ಬಕೆಟ್ ಹಾಕ್ತಿದ್ದೆ. ಉಳಿದ ಬ್ರೆಡ್ಡು, ನಾದಿ ಮಿಕ್ಕಿದ ಹಿಟ್ಟು. ದೊಡ್ಡ ಒಲೆ ಬಂದ್ಮೇಲೆ ಜಾಸ್ತಿ ಗ್ಯಾಸ್ ಬೇಕಲ್ಲ. ಬರೀ ಕೊಳೆತದ್ದು ತಿಂದು ಅದೆಷ್ಟು ಕೊಟ್ಟೀತು ಪಾಪ, ಅನ್ನಿಸ್ತು."

"ಪಾಪ ಅಂತೆ, ಪಾಪ! ಅದೇನು ನಿಮ್ಮ ತವರಿನಿಂದ ಬಂದ ನೆಂಟನಾ, ಉಪಚಾರ ಮಾಡಿ ಬಡಿಸೋಕೆ? ಹಿಟ್ಟು ತೊಟ್ಟಿಯೊಳಗೆ ಬೇಗ ಹುಳಿ ಬರುತ್ತೆ ಅತ್ತಿಗೆ. ಗ್ಯಾಸ್ ಮಾಡೋ ಜೀವಗಳಿಗೆ ಆ ಹುಳಿ ಆಗಲ್ಲ. ಅವು ಸತ್ತರೆ ಡ್ರಮ್ಮಲ್ಲಿ ಉರಿಯದ ಗಾಳಿಯೇ ತುಂಬುತ್ತೆ, ಉರಿಯೋ ಗ್ಯಾಸ್ ಎಲ್ಲಿಂದ ಬರಬೇಕು?"

ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೇಕರಿಯಲ್ಲಿ ಹುಟ್ಟಿ ಬೇಕರಿಗೇ ಸೇರಿದ ಹೆಂಗಸು, ಏನೇ ಮುದುರಿ ಮಲಗಿದ್ದರೂ ಹುದುಗಿನ ಹಾಗೆ ಒಂದು ಹಿಡಿ ಹಿಟ್ಟು ಹಾಕಿದರೆ ಉಬ್ಬಿಬರುತ್ತದೆಂದೇ ನಂಬಿದವರು. ಕೊನೆಗೆ, "ಸರಿ ಹೋಗತ್ತಾ?" ಎಂದಷ್ಟೇ ಕೇಳಿದರು. ಆ ದನಿ ಕೇಳಿ ನನ್ನ ಕೋಪವೆಲ್ಲ ಇಳಿದುಹೋಯಿತು.

"ಹೋಗತ್ತೆ. ಉಪವಾಸ ಕೆಡವಬೇಕು, ಸುಣ್ಣದ ತಿಳಿ ಕುಡಿಸಬೇಕು, ಹೊಸ ಸಗಣಿ ಹಾಕಬೇಕು. ಆದ್ರೆ ನಾಳೆ ಒಳಗೆ ಆಗೋ ಮಾತಲ್ಲ."

ಅಣ್ಣ ಆ ಹೊತ್ತಿಗೆ ಒಳಗೆ ಬಂದು ಆರಿದ ಬರ್ನರ್ ನೋಡಿದ. ಹೊರಗೆ ಹೋಗಿ ಒಂದು ಹೊರೆ ಸೌದೆ ತಂದು ಹಳೆ ಒಲೆಯ ಮುಂದೆ ಧೊಪ್ಪನೆ ಹಾಕಿದ. ಬನ್ನೂ ಬ್ರೆಡ್ಡೂ ಅದರಲ್ಲೇ ಬೆಂದವು. ಅತ್ತಿಗೆ ಮತ್ತೆ ಮತ್ತೆ ಹೊರಗೆ ಓಡಿ, ಗೋಡೆಗೆ ಕೈಕೊಟ್ಟು ಕೆಮ್ಮುವುದನ್ನು ನಾನು ಸಗಣಿ ಕಲೆಸುತ್ತ ನೋಡಿದೆ.

ಮರುದಿನ ಬೆಳಿಗ್ಗೆ ನಾನು ತೊಟ್ಟಿಗೆ ಸುಣ್ಣದ ತಿಳಿ ಹಾಕಿ ಒಳಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಮೇಸ್ತ್ರಿ ಹಾರೆ, ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನೀನು ಹೋಗಪ್ಪ, ಇವತ್ತು ಕೆಲಸ ಇಲ್ಲ" ಎಂದ ಅಣ್ಣ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಒಲೆ ಯಾಕೆ ಹಚ್ಚಿಲ್ಲ?" ಎಂದ.

ನಾನು ಅಡ್ಡ ಬಾಯಿ ಹಾಕಿದೆ. "ಅಣ್ಣ, ತಪ್ಪು ಮಾರ್ಕೆಟ್ಟಿನ ನಿಂಬೆಹಣ್ಣಿಂದು, ಅದನ್ನ ನಾನೇ ತೊಟ್ಟಿಗೆ..."

"ಸುಳ್ಳು ಹೇಳಬೇಡ" ಎಂದರು ಅತ್ತಿಗೆ. "ಕೆಡಿಸಿದ್ದು ನಾನು ಕಣ್ರೀ. ಹಿಟ್ಟು ಹಾಕಿ ಕೆಡಿಸಿದೆ. ಇನ್ಮೇಲೆ ಇವಳು ಹೇಳಿದಷ್ಟೇ ಹಾಕ್ತೀನಿ. ಈ ಒಲೆನ ಮಾತ್ರ ಹಚ್ಚಲ್ಲ."

"ಗ್ಯಾಸ್ ಬರಲಿ, ಆಮೇಲೆ ಒಡೆಯೋಣ."

"ಇದು ಇರೋವರೆಗೆ ನೀವು ಒಡೆಯಲ್ಲ. ಗ್ಯಾಸ್ ಒಂದಿನ ಸೀನಿದ್ರೂ ಸೌದೆ ತರ್ತೀರಿ. ಆ ತೊಟ್ಟಿ ಕೆಡತ್ತೆ, ಸರಿ ಹೋಗತ್ತೆ, ಮತ್ತೆ ಕೆಡತ್ತೆ. ನನ್ನ ಎದೆ ಕೆಟ್ಟರೆ ಸರಿ ಹೋಗಲ್ಲ."

"ಒಡೆದು ನಾಳೆಯಿಂದ ಏನು ಮಾಡೋದು? ಅಂಗಡಿ ಮುಚ್ಚೋದಾ?"

"ಮುಚ್ಚೋಣ. ಬ್ರೆಡ್ಡಿಲ್ಲ ಅಂತ ಯಾರೂ ಸಾಯಲ್ಲ."

ಅಣ್ಣ ನನ್ನ ಕಡೆ ನೋಡಿದ. "ಯಾವತ್ತು ಬರತ್ತೆ ಗ್ಯಾಸು?"

"ಬರತ್ತೆ. ಯಾವತ್ತು ಅಂತ ಹೇಳಕ್ಕಾಗಲ್ಲ" ಎಂದೆ. ಸುಳ್ಳು ಹೇಳುವ ಆಸೆ ಆಗಲೇ ಹೋಗಿತ್ತು.

ಅತ್ತಿಗೆ ಮೇಸ್ತ್ರಿಯ ಕೈಯಿಂದ ಹಾರೆ ತೆಗೆದುಕೊಂಡರು. ಒಲೆಯ ಬಾಯಿಯ ಮೇಲಿನ ಇಟ್ಟಿಗೆಗೆ ಒಂದು ಪೆಟ್ಟು ಹಾಕಿದರು. ಸಣ್ಣ ಚಕ್ಕೆಯೊಂದು ಹಾರಿತು, ಅಷ್ಟೆ. ಇನ್ನೊಂದು ಪೆಟ್ಟಿಗೆ ಮಸಿ ಉದುರಿ ಕೆಮ್ಮು ಒತ್ತರಿಸಿ ಬಂತು. ಬಗ್ಗಿ, ಹಾರೆಗೆ ಆತುಕೊಂಡು ಕೆಮ್ಮಿದರು. ಮೇಸ್ತ್ರಿ ನೆಲ ನೋಡುತ್ತ ನಿಂತ. ಕೆಮ್ಮು ನಿಲ್ಲುವ ಮೊದಲೇ ಅವರು ಮತ್ತೆ ಹಾರೆ ಎತ್ತಿದರು.

ಅಣ್ಣ ಬಂದು ಹಾರೆಯನ್ನು ಹಿಡಿದುಕೊಂಡ. ಕಿತ್ತು ಬಿಸಾಡುತ್ತಾನೆಂದುಕೊಂಡೆ.

"ನೀನು ಹೊರಗೆ ಹೋಗಿ ಕೂತ್ಕೊ" ಎಂದ. "ಈ ಧೂಳು ನಿನಗಾಗಲ್ಲ. ಇಷ್ಟು ವರ್ಷ ಹೊಗೆ ಕುಡಿದಿದ್ದು ಸಾಕು."

ಅಪ್ಪ ಕಟ್ಟಿದ ಒಲೆಗೆ ಅವನು ಹಾಕಿದ ಮೊದಲ ಪೆಟ್ಟಿಗೇ ಮುಂದಿನ ಕಮಾನು ಕುಸಿಯಿತು. ಅವನ ಕಣ್ಣಲ್ಲಿ ನೀರಿತ್ತು, ಆದರೂ ಕೈ ನಿಲ್ಲಿಸಲಿಲ್ಲ. ಮೇಸ್ತ್ರಿ ಸುತ್ತಿಗೆ ಹಿಡಿದು ಪಕ್ಕದಲ್ಲಿ ನಿಂತ. ಅತ್ತಿಗೆ ಹೊರಗೆ ಜಗಲಿಯ ಮೇಲೆ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಇಟ್ಟಿಗೆ ಬೀಳುವ ಸದ್ದನ್ನು ಕೇಳುತ್ತಿದ್ದರು. ನಾನು ಬಕೆಟ್ ಎತ್ತಿಕೊಂಡು ಇನ್ನಷ್ಟು ಸಗಣಿ ತರಲು ಹೊರಟೆ. ಆ ತೊಟ್ಟಿ ಈಗ ಹುಷಾರಾಗಲೇಬೇಕಿತ್ತು.