ಎರಡು ತಲೆಯ ಬೆಳ್ಳಕ್ಕಿ

ಬಸುರಿ ಮಗಳಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ ನನ್ನ ಗಂಡನಿಗೆ ಹಕ್ಕಿಯ ಹುಚ್ಚು ಹಿಡಿಯಿತು. ಬಳ್ಳಾರಿಯ ದಂಡಿನಲ್ಲಿ ದೊರೆಗಳ, ದೊರೆಸಾನಿಗಳ ಪಟ ತೆಗೆಯುವ ಲಾಲಸಾಬ್ ಎಂದರೆ ಊರಿಗೆಲ್ಲ ಗೊತ್ತು. ಯಾವನೋ ದೊರೆಯೊಬ್ಬ, ದಂಡಿನ ತೋಟದ ಹೊಂಡದಲ್ಲಿ ನಿಲ್ಲುವ ಬೆಳ್ಳಕ್ಕಿಗಳ ಪಟ ಬೇಕು ಎಂದನಂತೆ. ಅಷ್ಟೇ ಸಾಕಾಯಿತು. ದಿನಾ ಬೆಳಕು ಹರಿಯುವ ಮೊದಲೇ ಪಟ ತೆಗೆಯುವ ಪೆಟ್ಟಿಗೆ ಹೊತ್ತು ಹೊರಟುಬಿಡುತ್ತಿದ್ದರು. ಸಿರುಗುಪ್ಪದ ಕಡೆ, ದೇಶನೂರಿನ ಗದ್ದೆಗಳಲ್ಲಿ ಬೆಳ್ಳಕ್ಕಿ ಓಡಿಸುತ್ತ ಬೆಳೆದವಳು ನಾನು. ಅದರಲ್ಲಿ ಪಟ ತೆಗೆಯುವಂಥದ್ದು ಏನಿದೆಯೋ, ಆ ಅಲ್ಲಾನೇ ಬಲ್ಲ.

ಅವರಿಗೂ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಮಗಳು ಬಾನುಬೀ ಕುರುಗೋಡಿನ ಅತ್ತೆಮನೆಯಲ್ಲೇ ಇದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಇದು ಯಾರಿಗೆ ಗೊತ್ತಿಲ್ಲ? ಏಳಕ್ಕೆ ಕಳಿಸುತ್ತೇನೆ ಎಂದಿದ್ದ ಬೀಗತಿ ಹಮೀದಾಬಿ ಒಂಬತ್ತಾದರೂ ಕಳಿಸಲಿಲ್ಲ. ಅವಳ ಹಿರಿಯ ಸೊಸೆ ಹೋದ ವರ್ಷ ಅದೇ ಮನೆಯಲ್ಲಿ ಹೆರುವಾಗ ಸತ್ತಿದ್ದಳು. ನೋವು ತಿಂದು ತಿಂದು ಸೋತ ಮೇಲೆ ಸೂಲಗಿತ್ತಿಯನ್ನು ಕರೆಸಿದರಂತೆ. ಈಗ ಒಲೆಯ ಮುಂದೆ ಕೂರಲು ಉಳಿದವಳು ನನ್ನ ಮಗಳೊಬ್ಬಳೇ, ಹೇಗೆ ಕಳಿಸಿಯಾಳು? ಬೀದಿಯಲ್ಲಿ ಬಂಡಿಯ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದೆ.

ಒಂದು ಬೆಳಿಗ್ಗೆ ತಡೆಯಲಾರದೆ ತೋಟಕ್ಕೇ ಹೋದೆ. ಹೊಂಡದ ಅಂಚಿನಲ್ಲಿ ಒಂದು ಬೆಳ್ಳಕ್ಕಿ ಕಲ್ಲಿನಂತೆ ನಿಂತಿತ್ತು. ಇವರು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು, ಉಸಿರು ಬಿಗಿ ಹಿಡಿದು ನಿಂತಿದ್ದರು. ಮುಚ್ಚಳ ಮತ್ತೆ ಹಾಕುವ ತನಕ ಎದುರಿಗಿದ್ದದ್ದು ಅಲುಗಬಾರದು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲಿ ಮಗಳು ಸಾಯಾಕತ್ಯಾಳ, ಇಲ್ಲಿ ನೀವು ಹಕ್ಕಿ ಕಾಯ್ಕೋಂತ ನಿಂತೀರೇನು!"

ಬೆಳ್ಳಕ್ಕಿ ಗಕ್ಕನೆ ಕತ್ತು ತಿರುಗಿಸಿತು. ಇವರು ಹಣೆ ಚಚ್ಚಿಕೊಂಡರು.

"ಹಾಳ ಮಾಡಿದಿ! ಬಾಯಿ ಐತೋ ನಗಾರಿ ಐತೋ ನಿಂದು?" ಎಂದು ರೇಗಿದವರು, ನನ್ನ ಮುಖ ನೋಡಿ ತಣ್ಣಗಾದರು. "ನಾಳಿ ಕುರುಗೋಡಿಗೆ ಹೋಗಿ ಕೇಳೂಣು. ಅಳಬ್ಯಾಡ."

ಆ ಪಟವನ್ನು ಅವರು ಕಾಗದಕ್ಕೆ ಇಳಿಸಿಯೇ ಇಳಿಸಿದರು, ನನ್ನ ಪ್ರತಾಪ ನನಗೇ ತೋರಿಸಲಿಕ್ಕೆ. ನೋಡಿದರೆ ಹಕ್ಕಿಗೆ ಮೈ ಒಂದು, ತಲೆ ಎರಡು! ತಿರುಗುವ ಮೊದಲಿನದೊಂದು, ತಿರುಗಿದ ಮೇಲಿನದೊಂದು. ಕೆಟ್ಟ ಕಾಗದ ಅಷ್ಟಕ್ಕಾದರೂ ಆಗಲಿ ಎಂದು ಮಗಳಿಗೆ ಕೊಂಡಿದ್ದ ಹಸಿರು ಬಳೆಗಳನ್ನು ಅದರಲ್ಲಿ ಸುತ್ತಿ ಗಂಟಿಗೆ ಹಾಕಿದೆ.

ಕುರುಗೋಡಿನಲ್ಲಿ ನಾವು ಒಳಗೆ ಕಾಲಿಟ್ಟಾಗ ಬಾನು ರೊಟ್ಟಿ ಬಡಿಯುತ್ತಿದ್ದಳು. ಪಾದಗಳೆರಡೂ ಊದಿದ್ದವು. ಇವರು ತಗ್ಗಿ ಬಗ್ಗಿ ಕೇಳಿದರು, ಕೈ ಮುಗಿದರು.

"ಕುರುಗೋಡಿನ್ಯಾಗ ಯಾರೂ ಹಡದ ಇಲ್ಲೇನ್ರಿ ಬೀಗರ? ಇಲ್ಲೇ ಹಡೀತಾಳ ಬಿಡ್ರಿ," ಎಂದಳು ಹಮೀದಾಬಿ.

ಇವರು ಮುಗಿದ ಕೈ ಇಳಿಸಿದರು. ನನಗೋ ಅಲ್ಲೇ ಬಿದ್ದು ಹೊರಳಾಡಿ ಅಳಬೇಕು ಎನಿಸಿತು. ಅಷ್ಟರಲ್ಲಿ ಗಂಟು ಬಿಚ್ಚಿ ಬಳೆ ನೋಡುತ್ತಿದ್ದ ಬಾನು ಚಿಟ್ಟನೆ ಚೀರಿದಳು.

"ಯವ್ವಾ! ಎರಡು ತಲಿ ಹಕ್ಕಿ!"

ಕಾಗದ ಕೆಳಗೆ ಬಿತ್ತು. ಅವಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಎತ್ತಿ ನೋಡಿದ ಹಮೀದಾಬಿಯ ಮುಖ ಕಪ್ಪಿಟ್ಟಿತು. ಬಸುರಿ ಜೋಡಿ ಬಾಳೆಹಣ್ಣು ತಿಂದರೇ ಅವಳಿ ಹುಟ್ಟುತ್ತವೆ ಎನ್ನುವ ನಾಡು ನಮ್ಮದು. ತುಂಬಿದ ಬಸುರಿ ಎರಡು ತಲೆಯ ಜೀವವನ್ನೇ ಕಂಡಮೇಲೆ ಕೇಳಬೇಕೆ?

"ಅವಳಿ ಅದಾವ ಈಕಿ ಹೊಟ್ಟ್ಯಾಗ! ಒಂದಕ್ಕ ಆಕಿ ಹೋದಳು, ಎರಡಕ್ಕ ಈಕಿ ಉಳೀತಾಳೇನು? ನನ್ನ ಹೊಸ್ತಿಲಾ ಇನ್ನೊಂದು ಹೆಣ ದಾಟೂದು ಬ್ಯಾಡವ್ವ!" ಎಂದವಳು, ತಟ್ಟನೆ ಕಣ್ಣು ಕಿರಿದು ಮಾಡಿ ಇವರತ್ತ ತಿರುಗಿದಳು. "ಬೀಗರ, ಇಂಥಾ ಹಕ್ಕಿ ಖರೇನ ಐತೇನ್ರಿ?"

ಪಟದ ಮಾತು ಬಂದರೆ ನನ್ನ ಗಂಡ ಹರಿಶ್ಚಂದ್ರನ ತುಂಡು. ಮೆಳ್ಳಗಣ್ಣಿನ ದೊರೆಸಾನಿಯೊಬ್ಬಳು ಕಣ್ಣು ನೆಟ್ಟಗೆ ಮಾಡಿಕೊಡು ಎಂದು ಬೇಡಿಕೊಂಡರೂ, ಇದ್ದದ್ದು ಇದ್ದ ಹಾಗೇ ಬರಬೇಕು ಎಂದು ಕೊಟ್ಟು ಬಂದವರು. ಬಾಯಿ ತೆರೆದರು. ಹಕ್ಕಿ ಅಲುಗಿದ ಕಥೆಯೆಲ್ಲ ಇನ್ನೇನು ಹೊರಬೀಳುತ್ತದೆ ಎಂದುಕೊಂಡೆ. ಬಾನು ಅವರನ್ನೇ ನೋಡುತ್ತಿದ್ದಳು.

"ಐತ್ರಿ. ನನ್ನ ಕಣ್ಣಾರೆ ನೋಡೀನಿ," ಎಂದರು.

ಹಮೀದಾಬಿಯೇ ಕರೆದುಕೊಂಡು ಹೋಗಿ ಎಂದಳು, ಬಿಸಿಲು ಇಳಿಯುವ ಮೊದಲೇ ಬಂಡಿ ಹೂಡಿಸಿ ಮಗಳನ್ನು ಹತ್ತಿಸಿಕೊಂಡೆವು. ಕುರುಗೋಡಿನ ಗುಡ್ಡ ಹಿಂದಾಯಿತು. ಆಮೇಲೆ ಇವರು ಮೆಲ್ಲಗೆ ಮಗಳ ತಲೆ ಸವರಿದರು.

"ಅಂಜಬ್ಯಾಡವ್ವ ಬಾನು. ಅದಕ್ಕ ಇದ್ದದ್ದು ಒಂದ ತಲಿ. ನಿಮ್ಮವ್ವ ಒದರಿದಳು, ಅದು ಅಲುಗಾಡಿತು."

"ನನಗ ಗೊತ್ತಿಲ್ಲೇನು ಅಬ್ಬಾ? ಸಣ್ಣಾಕಿದ್ದಾಗ ನಿಮ್ಮ ಪೆಟಗಿ ಮುಂದ ಅಲುಗಾಡಿ ಎಷ್ಟು ಸಲ ಬೈಸ್ಕೊಂಡೀನಿ."

ಇವರು ಕಣ್ಣು ಕಣ್ಣು ಬಿಟ್ಟರು. ನನಗೆ ನಗು ಒತ್ತರಿಸಿ ಬಂತು.

"ಎಲಾ ಇಕಿನ! ಮತ್ತ ಹಂಗ್ಯಾಕ ಚೀರಿದೆಲೇ?" ಎಂದೆ.

ಅವಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಆ ಅಕ್ಕ ಸತ್ತ ಕೋಣ್ಯಾಗನ ನನಗೂ ಹಾಸಿಗಿ ಹಾಸಿಟ್ಟಿದ್ರವ್ವ."