ಅಲಾದಾದನ ಗೋರಿಯ ಸಿಂಹ

ಕಾರೂನ್ ನದಿ ಹುಟ್ಟುವ ಆ ಬೆಟ್ಟಗಳಲ್ಲಿ ಸಿಂಹದ ಗರ್ಜನೆ ಕೇಳಿದವರು ಯಾರೂ ಉಳಿದಿರಲಿಲ್ಲ. ಇದ್ದಬದ್ದ ಸಿಂಹಗಳನ್ನೆಲ್ಲ ಅಲ್ಲಿನ ಒಡೆಯರಾದ ಖಾನರು ಬೇಟೆಯ ಹೆಸರಿನಲ್ಲಿ ಹೊಡೆದು ಮುಗಿಸಿದ್ದರು. ಆದರೂ ಅಲ್ಲಿ ಕುರಿ ಮೇಯಿಸುತ್ತ ಅಲೆಯುವ ಬಖ್ತಿಯಾರಿ ಬುಡಕಟ್ಟಿನ ಗಂಡಸಿನ ಗೋರಿಯ ಮೇಲೆ ಕಲ್ಲಿನ ಸಿಂಹ ನಿಲ್ಲಬೇಕು. ಅದೂ ಗುಂಡಿಗೆ ಎದೆಯೊಡ್ಡಿ ಸತ್ತವನಾದರೆ ಮಾತ್ರ. ಜೀವಂತ ಸಿಂಹವನ್ನೇ ಕಾಣದ ಕಲ್ಲುಕುಟಿಗ, ಅಲಾದಾದ್ ಸತ್ತು ಎಷ್ಟೋ ವರ್ಷಗಳ ಮೇಲೆ ಅವನಿಗೆಂದು ಕಡೆದ ಸಿಂಹಕ್ಕೆ ಮಂದೆ ಕಾಯುವ ನಾಯಿಯ ಮುಖ ಬಂದಿತ್ತು. ಪಕ್ಕೆಯ ಮೇಲೆ ಬಂದೂಕು, ಕತ್ತಿ ಚೆನ್ನಾಗಿ ಮೂಡಿದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಆ ಕಲ್ಲನ್ನು ಕಂಡರೆ ಸನಮ್‌ಗೆ ಮೈ ಉರಿಯುತ್ತಿತ್ತು. ಅಲಾದಾದನನ್ನು ಕೊಂದವನು ಅವಳ ಅಣ್ಣ ನಜಫ್. ಹುಲ್ಲುಗಾವಲಿನ ಜಗಳ. ಎದುರುಬದುರು ನಿಂತು ಕೊಂದಿದ್ದರೆ ಕುರಿ, ಬಂದೂಕು ಕೊಟ್ಟು ರಾಜಿಯಾಗಬಹುದಿತ್ತು. ಬೆನ್ನಿಗೆ ಹೊಡೆದಿದ್ದರೆ ಹರಿದ ರಕ್ತಕ್ಕೆ ಪ್ರತಿಯಾಗಿ ಕೊಂದವನ ಮನೆಯ ಹೆಣ್ಣನ್ನೇ ಕೊಡಬೇಕು. ಗಂಡಸರೆಲ್ಲ ನಜಫನನ್ನು ಅಟ್ಟಿಕೊಂಡು ಹೋಗಿದ್ದರಿಂದ ಹೆಣ ತೊಳೆದವಳು ಸತ್ತವನ ತಾಯಿ ಖಾವರ್ ಒಬ್ಬಳೇ. ಗಾಯ ಬೆನ್ನಲ್ಲಿತ್ತೆಂದು ರಾಜಿಯ ಗುಡಾರದಲ್ಲಿ ಅವಳು ಆಣೆಯಿಟ್ಟಳು. ಎದೆಗೇ ಹೊಡೆದೆನೆಂದು ನಜಫ್ ಹೇಳಿದ, ಆದರೆ ಕೊಂದವನ ಮಾತನ್ನು ಯಾರು ಕೇಳುತ್ತಾರೆ? ಡೋಲಿಲ್ಲ, ದಿಬ್ಬಣವಿಲ್ಲ, ಸನಮ್ ಸತ್ತವನ ತಮ್ಮ ಫರಾಮರ್ಜ್‌ನ ಹೆಂಡತಿಯಾಗಿ ಶತ್ರುಗಳ ಗುಡಾರ ಹೊಕ್ಕಳು.

ಖಾವರ್ ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ‘ರಕ್ತಕ್ಕೆ ಬಂದವಳು’ ಎಂಬುದೇ ಅವಳ ಹೆಸರು. ಫರಾಮರ್ಜ್ ಅಮ್ಮನೆದುರು ಬಾಯಿ ಬಿಡುವ ಗಂಡಲ್ಲ. ಸನಮ್ ಎಲ್ಲವನ್ನೂ ನುಂಗಿಕೊಂಡಳು. ಮಗ ಬಹ್ಮನ್ ಹುಟ್ಟಿದ ಮೇಲೆ, ಇವನಾದರೂ ಈ ಮನೆಯವನೆನಿಸಿಕೊಳ್ಳಲಿ ಎಂಬುದೊಂದೇ ಅವಳ ಆಸೆ.

ಸಿಂಹವನ್ನು ನಿಲ್ಲಿಸಿದ ಮೇಲೆ ಕುಲದ ಮಕ್ಕಳು ಅದರ ಹೊಟ್ಟೆಯಡಿ ನುಸುಳಿ ಬರುವುದು ಅಲ್ಲಿನ ಪದ್ಧತಿ. ನುಸುಳಿದವನು ಕುಲದ ಗಂಡು. ಅಲಾದಾದನ ಸಿಂಹ ನಿಲ್ಲಿಸುವ ದಿನ, ಅದನ್ನೆತ್ತಲು ಇನ್ನೂ ಹಗ್ಗ ಬಿಗಿಯುತ್ತಿದ್ದಾಗಲೇ ಮಕ್ಕಳು ಸಾಲುಗಟ್ಟಿದ್ದರು. ಖಾವರ್ ಬಹ್ಮನ್‌ನ ಕಿವಿ ಹಿಡಿದು ಆಚೆಗೆಳೆದಳು.

“ಏಯ್, ನೀನೆಲ್ಲಿಗೋ? ಕೊಲೆಗಡುಕನ ಸೋದರಳಿಯ ನನ್ ಮಗನ ಸಿಂಹದ ಕೆಳಗೆ ನುಸುಳ್ತಾನಂತೆ!”

“ಅತ್ತೆ, ಅವನು ನಿಮ್ಮ ಮೊಮ್ಮಗ.”

“ಹಾವಿನ ಹೊಟ್ಟೇಲಿ ಹಾವೇ ಕಣೇ ಹುಟ್ಟೋದು!”

ಹುಡುಗ ಅಳಲಿಲ್ಲ. ತಾನೇನು ತಪ್ಪು ಮಾಡಿದೆನೆಂದು ಅಮ್ಮನ ಮುಖ ನೋಡಿದ. ಸನಮ್‌ಳ ತಾಳ್ಮೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಕುಲದ ಹಿರಿಯ ಜಮಾನ್, ಸಿಂಹ ನಿಲ್ಲಿಸುವ ಮುನ್ನ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ. “ಖಾವರ್, ಹೆಣ ತೊಳೆದವಳು ನೀನು. ಗಾಯ ಎಲ್ಲಿತ್ತು?”

“ಎದೇಲಿ! ನನ್ ಮಗ ಬೆನ್ನು ತೋರ್ಸೋ ಪೈಕಿ ಅಲ್ಲ.”

“ಹಾಗಾದ್ರೆ ನನ್ನನ್ಯಾಕೆ ತಂದ್ರಿ?” ಎಂದಳು ಸನಮ್.

ಹಗ್ಗ ಹಿಡಿದವರು ಹಾಗೇ ನಿಂತರು.

“ರಾಜಿ ದಿನ ಬೆನ್ನಲ್ಲಿತ್ತು, ಇವತ್ತು ಎದೇಲಿದೆ. ಗಾಯಾನೂ ನಮ್ ಕುರಿಗಳ ಥರ ಚಳಿಗೊಂದು ಕಡೆ, ಬೇಸಿಗೆಗೊಂದು ಕಡೆ ಹೋಗುತ್ತಾ ಅತ್ತೆ?”

ಯಾರೋ ನಕ್ಕು, ತಕ್ಷಣ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಜಮಾನ್ ನಗಲಿಲ್ಲ.

“ಎರಡರಲ್ಲಿ ಒಂದು ಹೇಳು, ಖಾವರ್. ಎದೆ ಅಂದ್ರೆ ಇವಳು ರಕ್ತಕ್ಕೆ ಬಂದವಳಲ್ಲ, ಇವಳ ಮಗ ಮನೆಮಗ. ಬೆನ್ನು ಅಂದ್ರೆ ಹಗ್ಗ ಬಿಚ್ಚಿಸ್ತೀನಿ.”

ಖಾವರ್ ಗೋರಿಯನ್ನು ನೋಡಿದಳು, ಆಮೇಲೆ ಸೊಸೆಯನ್ನು. ಮಗನ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೆ ಇಷ್ಟು ವರ್ಷ ಅವಳನ್ನು ಬದುಕಿಸಿದ್ದು ಆ ಪ್ರೀತಿಯಲ್ಲ, ದ್ವೇಷ.

“ಬೆನ್ನಲ್ಲಿ. ಬಿಚ್ರೋ ಹಗ್ಗಾನ! ಇವಳು ತಲೆ ಎತ್ಕೊಂಡು ಓಡಾಡೋದನ್ನ ನೋಡೋದಕ್ಕಿಂತ ನನ್ ಮಗನ ಗೋರಿ ಬೋಳಾಗಿರ್ಲಿ!”

“ಅಮ್ಮಾ!” ಎಂದ ಫರಾಮರ್ಜ್. ಹುಟ್ಟಿದಂದಿನಿಂದ ಅವನು ಅಮ್ಮನಿಗೆ ಎದುರಾಡಿದ್ದು ಅದೊಂದೇ ಮಾತು.

ಸನಮ್ ಮುಂದೆ ಬಂದಳು. “ಬಿಚ್ಚಬೇಡಿ. ನನ್ನನ್ನ ಇಲ್ಲಿಗೆ ಕಳಿಸೋ ದಿನ ಅಣ್ಣ ಹೇಳಿದ್ದ: ‘ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ, ಒಂದು ಹೆಜ್ಜೇನೂ ಹಿಂದೆ ಸರೀಲಿಲ್ಲ’ ಅಂತ. ನಿಮ್ ಅಲಾದಾದ್ ಎದೆ ಕೊಟ್ಟೇ ಸತ್ತ. ಅವನ ಮೇಲೆ ನಂಗೇನೂ ಪ್ರೀತಿ ಇಲ್ಲ. ನಿಜ ಹೇಳ್ದೆ, ಅಷ್ಟೇ.”

ಜಮಾನ್ ಗಡ್ಡ ನೀವಿಕೊಂಡ. “ಹೆತ್ತವಳು ಹೇಡಿ ಅಂತಾಳೆ, ಶತ್ರುವಿನ ತಂಗಿ ವೀರ ಅಂತಾಳೆ. ಗಂಡಸ್ತನಕ್ಕೆ ಶತ್ರುವಿನ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಇಲ್ಲ. ನಿಲ್ಲಿಸ್ರಪ್ಪಾ ಸಿಂಹಾನ.”

ಕಲ್ಲು ಗೋರಿಯ ಮೇಲೆ ಕೂತಿತು. “ಮಗಳೇ, ತವರಿಗೆ ಹೋಗೋದಾದ್ರೆ ಕುದುರೆ ಕೊಡಿಸ್ತೀನಿ,” ಎಂದ ಜಮಾನ್.

“ಹೋಗ್ತೀನೋ ಇರ್ತೀನೋ, ಯೋಚಿಸಿ ನಾನೇ ಹೇಳ್ತೀನಿ,” ಎಂದಳು ಸನಮ್. ಆ ಗುಡಾರಗಳ ನಡುವೆ ಅವಳು ತನಗಾಗಿ ಮಾಡಿಕೊಂಡ ಮೊದಲ ತೀರ್ಮಾನ ಅದು. ಮಗನ ಬೆನ್ನ ಮೇಲೆ ಕೈಯಿಟ್ಟು ಸಿಂಹದ ಹೊಟ್ಟೆಯಡಿಗೆ ನೂಕಿದಳು. ಬಹ್ಮನ್ ಆಚೆ ಕಡೆಯಿಂದ ಮಂಡಿಯ ಮಣ್ಣು ಕೊಡವಿಕೊಳ್ಳುತ್ತ ಎದ್ದ.

ಖಾವರ್ ಸಿಂಹದ ಕುತ್ತಿಗೆ ತಬ್ಬಿ ಶೋಕದ ಹಾಡು ಎತ್ತಿದಳು. ಒಬ್ಬಳು ಎತ್ತಿದರೆ ಉಳಿದ ಹೆಂಗಸರು ದನಿಗೂಡಿಸಬೇಕು. ಶತ್ರುವಿನ ಮನೆಯ ಸಾವಾದರೂ ಅದನ್ನು ತಪ್ಪಿಸುವವರಿಲ್ಲ. ಅವಳು ಮೊದಲ ಸಾಲು ಹಾಡಿ ಕಾದಳು. ಮತ್ತೆ ಹಾಡಿದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಗುಡಾರಗಳತ್ತ ನಡೆದರು.